ಬಂಗಾರ ಹುಡುಕೋ ಸಾಹೇಬ, ಕೀಮಿಯಾ ಓದೋ ಹುಡುಗ | ನಮ್ಮ ರಾಯಚೂರು, ಭಾಗ 6

ವಿಜ್ಞಾನಿ ಅಂದ ಕೂಡಲೇ ನಮಗೆ ಬಿಳಿ ಕೋಟು, ಲ್ಯಾಬು, ಕಲಾಂ ಸರ್ ಫೋಟೋ ನೆನಪಾಗ್ತದ. ನೂರು ವರ್ಷದ ಹಿಂದೆ ನಮ್ಮ ಕಡೆ ಚಿತ್ರನೇ ಬೇರೆ. ಆಗ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲಾ ನಿಜಾಮರ ಹೈದರಾಬಾದ್ ರಾಜ್ಯದಾಗ ಇದ್ದವು. ಸರ್ಕಾರ ಮತ್ತು ಕಂಪನಿಗಳ ಕಣ್ಣಿಗೆ ವಿಜ್ಞಾನ ಬಲ್ಲವ ಅಂದ್ರೆ ನೆಲದೊಳಗಿನ ಸಂಪತ್ತು ತೋರಿಸುವವ. ಅಷ್ಟೇ.

ಹಟ್ಟಿಯನ್ನೇ ನೋಡ್ರಿ. 20ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಯೊಂದು ಇಲ್ಲಿ ಚಿನ್ನದ ಗಣಿ ನಡೆಸಿತು, ಆಮೇಲೆ ಬಾಗಿಲು ಹಾಕಿತು. ತಮಾಷೆ ಏನಂದ್ರೆ, ಸಾಹೇಬರು ಬರೋದಕ್ಕಿಂತ ಎಷ್ಟೋ ಮೊದಲೇ ಅಲ್ಲಿ ಯಾರೋ ನೂರಾರು ಅಡಿ ಆಳಕ್ಕೆ ಅಗೆದು ಹೋಗಿದ್ರು. ಆ ಹಳೇ ಗುಂಡಿಗಳಲ್ಲಿ ಸಿಕ್ಕ ಕಟ್ಟಿಗೆ ಸುಮಾರು 2000 ವರ್ಷದ್ದು ಅಂತ ಆಮೇಲೆ ಪರೀಕ್ಷೆಯಿಂದ ಗೊತ್ತಾಯ್ತು. ಪಂಪಿಲ್ಲ, ಸಿಡಿಮದ್ದಿಲ್ಲ! ಅವರನ್ನ ವಿಜ್ಞಾನಿ ಅಂತ ಯಾರೂ ಕರೆಯಲಿಲ್ಲ. ನಾನಂತೂ ಕರೀತೀನಿ. (ದೇವದುರ್ಗದವರೇ, ನಿಮ್ಮ ತಾಲೂಕಿನ ಊಟಿಯಲ್ಲೂ ಹಟ್ಟಿ ಕಂಪನಿಯ ಗಣಿ ಅದ, ಮರೀಬ್ಯಾಡ್ರಿ.)

1915ರಲ್ಲಿ ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್‌ಗೆ ಮಸ್ಕಿಯ ಗುಡ್ಡದಾಗ ಬಂಡೆ ಮೇಲೆ ಅಕ್ಷರ ಕಂಡವು. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ ರಾಜನಿಗೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳಷ್ಟೇ ಇದ್ದವು. ಮಸ್ಕಿ ಬಂಡೆ ಮೇಲೆ ಅಶೋಕ ಅನ್ನೋ ಹೆಸರೇ ಇತ್ತು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. 1837ರಲ್ಲಿ ಬ್ರಾಹ್ಮಿ ಲಿಪಿ ಬಿಡಿಸಿದ ಪ್ರಿನ್ಸೆಪ್ ಕೂಡ ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡೋ ಕೆಲಸದವ. ಬಂಗಾರ, ಬೆಳ್ಳಿ ನೋಡೋ ಕಣ್ಣುಗಳೇ ಅಶೋಕನನ್ನ ಹುಡುಕಿಕೊಟ್ಟವು. ಆದ್ರೆ ಬೀಡನ್‌ಗೆ ಸಂಬಳ ಬರ್ತಿದ್ದದ್ದು ಚಿನ್ನಕ್ಕೆ, ಶಾಸನಕ್ಕಲ್ಲ.

ಸರಿ, ನಮ್ಮ ಮಾನ್ವಿಯ ಹುಡುಗನೊಬ್ಬ ಇಂಥ ವಿದ್ಯೆ ತಾನೂ ಕಲೀಬೇಕು ಅಂದ್ರೆ? ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಇಂಗ್ಲಿಷ್. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು. ವಿಜ್ಞಾನದ ಪುಸ್ತಕಗಳನ್ನ ಉರ್ದುವಿಗೆ ತರೋಕೆ ಅಂತಲೇ ಅಲ್ಲಿ ಅನುವಾದ ಕಚೇರಿ ಇತ್ತು. ದೇಶಭಾಷೆಯಲ್ಲಿ ಸೈನ್ಸ್ ಕಲಿಸ್ತೀವಿ ಅನ್ನೋದು ಆ ಕಾಲಕ್ಕೆ ಭಾರಿ ಧೈರ್ಯ, ಒಪ್ಪಲೇಬೇಕು. ಆದ್ರೆ ನಮ್ಮ ಮಂದಿಯ ಮನೆಮಾತು ಕನ್ನಡ!

ಕೆಮಿಸ್ಟ್ರಿಗೆ ಉರ್ದುವಿನಲ್ಲಿ ಕೀಮಿಯಾ. ತಾಮ್ರವನ್ನ ಚಿನ್ನ ಮಾಡೋ ವಿದ್ಯೆಗೂ ಅದೇ ಹೆಸರು. ಕನ್ನಡದ ರಸಾಯನವೂ ಮುಪ್ಪು ತಡೆಯೋ ಔಷಧಿಯಿಂದ ಬಂದ ಮಾತು. ಅಂದ್ರೆ ಪದದಲ್ಲೇ ಅರ್ಧ ಜಾದೂ ಕೂತಿತ್ತು, ವಿಜ್ಞಾನಿ ಮಾಂತ್ರಿಕನ ಪಕ್ಕದ ಮನೆಯವ.

ಅದೇ 1918ರಲ್ಲಿ ಮೈಸೂರು ಸಂಸ್ಥಾನದಾಗ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 'ವಿಜ್ಞಾನ' ಅನ್ನೋ ಕನ್ನಡ ಮಾಸಪತ್ರಿಕೆ ಶುರು ಮಾಡಿದ್ರು. ಅವರಿಗೆ ವಿಜ್ಞಾನ ಅಂದ್ರೆ ಚಿನ್ನವೂ ಅಲ್ಲ, ಜಾದೂನೂ ಅಲ್ಲ, ಮನೆಮಾತಿನಲ್ಲಿ ಎಲ್ಲರಿಗೂ ತಿಳಿಸಬಹುದಾದ ವಿಷಯ. ಪತ್ರಿಕೆ ನಡೆದದ್ದು ಎರಡೇ ವರ್ಷ.

1930ರಲ್ಲಿ ಸಿ.ವಿ. ರಾಮನ್‌ಗೆ ನೊಬೆಲ್ ಬಂತು. ವಿಜ್ಞಾನಿ ದೇಶದ ಹೆಮ್ಮೆಯಾದ, ಗೋಡೆ ಮೇಲಿನ ಫೋಟೋ ಆದ. ಭಾಷೆಯ ಗೋಡೆ ಮಾತ್ರ ಹಾಗೇ ನಿಂತಿತು. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸ್‌ನಾಗ ಮೊದಲ ದಿನ ಕೂತವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಯಾವ ಪದ ಕೇಳಿ ತಲೆ ತಿರುಗಿತ್ತು? ಕಾಮೆಂಟ್‌ನಲ್ಲಿ ಬರೀರಿ.

ಮಸ್ಕಿ ಬಂಡೆಯ ಫೋಟೋ ಇದ್ದವರು ಟ್ಯಾಗ್ ಮಾಡ್ರಿ, ಭಾಗ 7ಕ್ಕೆ ಬೇಕು.

#ರಾಯಚೂರು #ಮಾನ್ವಿ #ದೇವದುರ್ಗ #ಮಸ್ಕಿ #ಹಟ್ಟಿ