ಎ.ಸಿ. ಮತ್ತು ಫ್ರಿಜ್ ದುರಸ್ತಿ ವೃತ್ತಿ: ಯಾವ ಪರವಾನಗಿ ಬೇಕು, ಯಾವುದು ಬೇಡ?
ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಪಾಲಕರಿಗೆ ಮಾಹಿತಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಶಾಲೆಗೆ ಬರುವ ಪಾಲಕರು ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದ್ದಾರೆ: “ಗುರುಗಳೇ, ನಮ್ಮ ಹುಡುಗ ಎ.ಸಿ. ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಅದರ ಲೈಸೆನ್ಸ್ ಎಲ್ಲಿ ಮಾಡಿಸಬೇಕು?”

ಪ್ರಶ್ನೆ ಸಹಜವಾದುದು. ನಮ್ಮ ಭಾಗದಲ್ಲಿ ಈ ವೃತ್ತಿಗೆ ಕೆಲಸದ ಕೊರತೆ ಇಲ್ಲ. ಕೊಲ್ಲಾಪುರದ ಆಸ್ಪತ್ರೆ, ಹೋಟೆಲು, ಅಂಗಡಿಗಳಿಗೆ ಎ.ಸಿ. ಬೇಕು. ಇಚಲಕರಂಜಿಯ ನೂಲಿನ ಗಿರಣಿಗಳಲ್ಲಿ ಎಳೆ ತುಂಡಾಗದಂತೆ ಗಾಳಿಯ ತೇವಾಂಶವನ್ನು ಕಾಯ್ದುಕೊಳ್ಳುವ ಯಂತ್ರಗಳಿವೆ. ಗಡಹಿಂಗ್ಲಜದ ಸುತ್ತಿನ ಹಳ್ಳಿಗಳ ಹಾಲನ್ನು ತಂಪುಗೊಳಿಸಿಯೇ ಮುಂದೆ ಸಾಗಿಸಬೇಕು. ಆದರೆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಏಕೆಂದರೆ ‘ಎ.ಸಿ. ಲೈಸೆನ್ಸ್’ ಎಂಬ ಹೆಸರಿನ ಪ್ರತ್ಯೇಕ ಪರವಾನಗಿ ಮಹಾರಾಷ್ಟ್ರದಲ್ಲಿ ಇಲ್ಲ. ವಿದ್ಯುತ್ತು, ಅಂಗಡಿ, ತೆರಿಗೆ, ಅನಿಲ ಇವುಗಳಿಗೆ ಸಂಬಂಧಿಸಿದ ಬೇರೆ ಬೇರೆ ಕಾನೂನುಗಳು ಈ ವೃತ್ತಿಗೆ ಅನ್ವಯಿಸುತ್ತವೆ. ಆದ್ದರಿಂದ ಯಾರಾದರೂ ‘ಎ.ಸಿ. ಲೈಸೆನ್ಸ್ ಮಾಡಿಸಿಕೊಡುತ್ತೇನೆ’ ಎಂದು ಹಣ ಕೇಳಿದರೆ, ಅದು ಯಾವ ಕಾಯ್ದೆಯ ಅಡಿಯಲ್ಲಿ, ಯಾವ ಕಚೇರಿಯಿಂದ ಬರುವ ಕಾಗದವೆಂದು ಮೊದಲು ಕೇಳಿರಿ.

ಪ್ರಮಾಣಪತ್ರ ಬೇರೆ, ಪರವಾನಗಿ ಬೇರೆ

ಐ.ಟಿ.ಐ.ಯಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ತಂತ್ರಜ್ಞರ ಎರಡು ವರ್ಷಗಳ ತರಬೇತಿಯಿದೆ. ಹತ್ತನೆಯ ತರಗತಿ ಪಾಸಾದವರು ಇದಕ್ಕೆ ಅರ್ಹರು. ಇದರ ಕೊನೆಯಲ್ಲಿ ದೊರೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ದೇಶದೆಲ್ಲೆಡೆ ಮಾನ್ಯತೆ ಇದೆ. ಕರ್ನಾಟಕದಲ್ಲಿ ಕಲಿತರೂ ಮಹಾರಾಷ್ಟ್ರದಲ್ಲಿ ಕಲಿತರೂ ಅದರ ಬೆಲೆ ಒಂದೇ. ಆದರೆ ಎಲ್ಲ ಐ.ಟಿ.ಐ.ಗಳಲ್ಲಿ ಈ ವಿಭಾಗ ಇರುವುದಿಲ್ಲ. ಪ್ರವೇಶದ ಅರ್ಜಿ ತುಂಬುವ ಮುನ್ನ ಆ ಸಂಸ್ಥೆಯ ವೃತ್ತಿಗಳ ಪಟ್ಟಿಯನ್ನು ನೋಡಿಕೊಳ್ಳಬೇಕು. ತರಬೇತಿಯ ನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಶಿಷ್ಯವೃತ್ತಿಗೆ ಸೇರಿದರೆ ಕೆಲಸದ ಅನುಭವವೂ, ಮಾಸಿಕ ವೇತನವೂ, ಅದಕ್ಕೊಂದು ದಾಖಲೆಯೂ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಐ.ಟಿ.ಐ. ಪ್ರಮಾಣಪತ್ರವು ಹುಡುಗನು ಕೆಲಸ ಕಲಿತಿದ್ದಾನೆ ಎಂಬುದಕ್ಕೆ ಸಾಕ್ಷಿ. ವಿದ್ಯುತ್ ಜೋಡಣೆಯ ಕೆಲಸ ಮಾಡಲು ಅದು ತಾನಾಗಿಯೇ ಅನುಮತಿಯಾಗುವುದಿಲ್ಲ.

ಮುಖ್ಯವಾದುದು ವಿದ್ಯುತ್ ಪರವಾನಗಿ

1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದ ಕಾಲದಿಂದಲೂ ಒಂದು ತತ್ತ್ವ ಜಾರಿಯಲ್ಲಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಅದನ್ನು ಉಳಿಸಿಕೊಂಡಿವೆ. ಗ್ರಾಹಕರ ಆವರಣದಲ್ಲಿ ವಿದ್ಯುತ್ ಜೋಡಣೆ, ಹೆಚ್ಚುವರಿ ಜೋಡಣೆ, ಬದಲಾವಣೆ ಅಥವಾ ದುರಸ್ತಿಯನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನು ಅದನ್ನು ನೋಡಿಕೊಳ್ಳಬೇಕು. ಕೈಯಾರೆ ಕೆಲಸ ಮಾಡುವವನ ಬಳಿಯೂ ಪರವಾನಗಿ ಇರಬೇಕು.

ಇದಕ್ಕೆ ಒಂದು ವಿನಾಯಿತಿಯೂ ಇದೆ. 250 ವೋಲ್ಟ್ ಮೀರದ ಗೃಹೋಪಕರಣಗಳು, ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಜೋಡಣೆಯ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಬದಲಿಸುವುದಕ್ಕೆ ಈ ನಿರ್ಬಂಧವಿಲ್ಲ. ಹಾಗಾಗಿ ಹಳೆಯ ಎ.ಸಿ.ಯ ಜಾಗದಲ್ಲಿ ಅಷ್ಟೇ ಸಾಮರ್ಥ್ಯದ ಹೊಸದನ್ನು ಇರುವ ಸಾಕೆಟ್ಟಿಗೇ ಜೋಡಿಸುವುದು ಒಂದು ಬಗೆಯ ಕೆಲಸ. ಬೋರ್ಡಿನಿಂದ ಹೊಸ ತಂತಿ ಎಳೆಯುವುದು, ಎಂ.ಸಿ.ಬಿ. ಸೇರಿಸುವುದು, ಅಂಗಡಿಗೆ ಮೂರು ಫೇಸಿನ ಜೋಡಣೆ ಕೊಡುವುದು ಬೇರೆಯೇ ಬಗೆಯ ಕೆಲಸ. ಒಂದೂವರೆ ಟನ್ನಿನ ಎ.ಸಿ. ಸುಮಾರು ಒಂದೂವರೆ ಕಿಲೋವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ಮನೆಯ ಮಂಜೂರಾದ ಲೋಡು ಅದಕ್ಕೆ ಸಾಲದಿದ್ದರೆ ಮಹಾವಿತರಣದಲ್ಲಿ ಹೆಚ್ಚಿಸಿಕೊಳ್ಳಬೇಕು.

ನಮ್ಮ ಮಕ್ಕಳು ಸಿಕ್ಕಿಕೊಳ್ಳುವುದು ಇಲ್ಲಿಯೇ. ಅವರು ಬೇರೆಯವರ ಪರವಾನಗಿಯ ನೆರಳಿನಲ್ಲಿ ‘ಹೆಲ್ಪರ್’ ಎಂದು ವರ್ಷಗಟ್ಟಲೆ ದುಡಿಯುತ್ತಾರೆ. ಕೆಲಸವೆಲ್ಲ ಇವರದು, ಹೆಸರು ಬೇರೆಯವರದು. ಶಾಕ್ ಹೊಡೆದರೆ, ಮಹಡಿಯಿಂದ ಬಿದ್ದರೆ, ಗ್ರಾಹಕರ ಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ, ಹುಡುಗ ಯಾರ ಕೆಲಸಗಾರನಾಗಿದ್ದ ಎಂಬುದಕ್ಕೆ ಒಂದು ಕಾಗದವೂ ಸಿಗುವುದಿಲ್ಲ. ಆದ್ದರಿಂದ ಈ ವೃತ್ತಿಗೆ ಹೋಗುವವರು ವಿದ್ಯುತ್ ಪರವಾನಗಿಯನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬೇಕು. ಅದರ ಅರ್ಹತೆ, ಪರೀಕ್ಷೆ, ಶುಲ್ಕದ ಮಾಹಿತಿಯನ್ನು ವಿದ್ಯುತ್ ನಿರೀಕ್ಷಕರ ಕಚೇರಿಯಿಂದ ನೇರವಾಗಿ ಪಡೆಯಬೇಕು.

ಗಡಿ ದಾಟಿದಾಗ

ಗಡಹಿಂಗ್ಲಜದ ತಂತ್ರಜ್ಞನಿಗೆ ಸಂಕೇಶ್ವರದಿಂದ, ಕೊಲ್ಲಾಪುರದವನಿಗೆ ನಿಪ್ಪಾಣಿಯಿಂದ ಕರೆ ಬರುವುದು ದಿನನಿತ್ಯದ ಸಂಗತಿ. ಐ.ಟಿ.ಐ. ಪ್ರಮಾಣಪತ್ರಕ್ಕೆ ಗಡಿಯಿಲ್ಲ, ವಿದ್ಯುತ್ ಪರವಾನಗಿಗೆ ಇದೆ. ಗುತ್ತಿಗೆದಾರನ ಪರವಾನಗಿಯನ್ನು ಆಯಾ ರಾಜ್ಯವೇ ಕೊಡುತ್ತದೆ. ಮೇಲ್ವಿಚಾರಕ ಮತ್ತು ಕೆಲಸಗಾರನ ಪತ್ರಗಳನ್ನು ಆ ಸರ್ಕಾರ ತಾನೇ ಕೊಟ್ಟಿರಬೇಕು ಅಥವಾ ಮಾನ್ಯ ಮಾಡಿರಬೇಕು. ಮಗ ಮುಂದೆ ಹೆಚ್ಚಾಗಿ ಎಲ್ಲಿ ದುಡಿಯುತ್ತಾನೆ ಎಂಬುದನ್ನು ಯೋಚಿಸಿ ಪರವಾನಗಿಗೆ ಅರ್ಜಿ ಹಾಕುವುದು ಒಳಿತು. ಎರಡೂ ಕಡೆ ಜೋಡಣೆಯ ಕೆಲಸ ಮಾಡುವವರು ಆ ಬದಿಯ ಮಾನ್ಯತೆಯನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಅಂಗಡಿ ಮತ್ತು ತೆರಿಗೆ

ಸ್ವಂತ ಅಂಗಡಿ ತೆರೆಯುವವರಿಗೆ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಜನರ ಬಾಯಲ್ಲಿ ಇದು ಇಂದಿಗೂ ‘ಶಾಪ್ ಆ್ಯಕ್ಟ್’ ಅಥವಾ ‘ಗುಮಾಸ್ತಾ’. ಒಬ್ಬಿಬ್ಬರು ಕೆಲಸಗಾರರ ಅಂಗಡಿಗೆ ನೋಂದಣಿ ಬೇಕಿಲ್ಲ. ಆನ್‌ಲೈನ್‌ನಲ್ಲಿ ಸೂಚನೆ ಸಲ್ಲಿಸಿ ಸ್ವೀಕೃತಿ ಪಡೆದರೆ ಸಾಕು. ಅನೇಕರು ಈ ಸ್ವೀಕೃತಿಯನ್ನೇ ‘ಲೈಸೆನ್ಸ್’ ಎಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅಂಗಡಿ ಇದೆ ಎಂದು ಸರ್ಕಾರಕ್ಕೆ ತಿಳಿಸಿದ್ದಕ್ಕೆ ಅದು ರಸೀದಿ ಮಾತ್ರ. ವಿದ್ಯುತ್ ಕೆಲಸಕ್ಕೆ ಅನುಮತಿಯಲ್ಲ.

ಸಂವಿಧಾನದ 276ನೆಯ ವಿಧಿಯ ಪ್ರಕಾರ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕೇವಲ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯೊಳಗೆ ಇದ್ದರೆ, ಗಡಿ ದಾಟಿ ಸೇವೆ ಕೊಟ್ಟರೂ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ಎ.ಸಿ. ಅಥವಾ ಬಿಡಿಭಾಗಗಳನ್ನು ಇನ್ನೊಂದು ರಾಜ್ಯಕ್ಕೆ ಮಾರುವುದಾದರೆ ಈ ಮಿತಿಯ ರಕ್ಷಣೆ ಸಿಗುವುದಿಲ್ಲ. 2020ರ ಜುಲೈ 1ರಿಂದ ಜಾರಿಗೆ ಬಂದ ‘ಉದ್ಯಮ್’ ನೋಂದಣಿ ಉಚಿತ. ಅದಕ್ಕಾಗಿ ಯಾರಿಗೂ ಶುಲ್ಕ ಕೊಡಬೇಡಿರಿ.

ಸ್ಥಳೀಯ ಸಂಸ್ಥೆಯೂ ಊರಿನಿಂದ ಊರಿಗೆ ಬೇರೆ. ಕೊಲ್ಲಾಪುರದಲ್ಲಿ ಮಹಾನಗರಪಾಲಿಕೆಯಿದೆ, ಇಚಲಕರಂಜಿಯಲ್ಲಿಯೂ 2022ರಿಂದ ಮಹಾನಗರಪಾಲಿಕೆ, ಗಡಹಿಂಗ್ಲಜದಲ್ಲಿ ನಗರಪರಿಷತ್ತು. ಅಂಗಡಿಯಲ್ಲಿ ಅನಿಲದ ಸಿಲಿಂಡರುಗಳನ್ನು ಇಡುವ ಮುನ್ನ ಆಯಾ ಕಚೇರಿಯಲ್ಲಿ ವಿಚಾರಿಸಬೇಕು.

ಅನಿಲದ ವಿಷಯ

ಹಳೆಯ ಎ.ಸಿ.ಗಳಲ್ಲಿರುವ ಆರ್-22 ಅನಿಲ ಓಜೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದಂತೆ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ನಮ್ಮ ದೇಶದಲ್ಲಿ ಇದಕ್ಕೆಂದು 2000ದ ಓಜೋನ್ ನಿಯಮಗಳಿವೆ. ಹೊಸ ಯಂತ್ರಗಳಲ್ಲಿ ಬಳಸುವ ಆರ್-32 ಓಜೋನಿಗೆ ಹಾನಿ ಮಾಡುವುದಿಲ್ಲ, ಆದರೆ ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗುಣವುಳ್ಳದ್ದು. ಆರ್-290 ಎಂಬ ಪ್ರೊಪೇನ್ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಹಳೆಯ ಅಭ್ಯಾಸದಿಂದ ಮುಚ್ಚಿದ ಕೋಣೆಯಲ್ಲಿ ಅನಿಲ ಬಿಟ್ಟು ಬೆಸುಗೆ ಹಚ್ಚುವುದು ಪ್ರಾಣಾಪಾಯ. ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ಪರವಾನಗಿ ಇಲ್ಲದೆ ಸಿಲಿಂಡರ್ ತುಂಬುವಂತಿಲ್ಲ. ಕೆಟ್ಟುಹೋದ ಎ.ಸಿ., ಫ್ರಿಜ್‌ಗಳು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ.

ಅರ್ಜಿಗಳಲ್ಲಿ ಎದುರಾಗುವ ಮರಾಠಿ ಪದಗಳು

- ಪರವಾನಾ: ಪರವಾನಗಿ
- ವೀಜತಂತ್ರಿ: ಎಲೆಕ್ಟ್ರಿಷಿಯನ್
- ತಾರತಂತ್ರಿ: ವೈರ್‌ಮನ್
- ಪರ್ಯವೇಕ್ಷಕ: ಮೇಲ್ವಿಚಾರಕ
- ಠೇಕೇದಾರ: ಗುತ್ತಿಗೆದಾರ
- ಪ್ರಶೀತನ, ವಾತಾನುಕೂಲನ: ಶೀತಲೀಕರಣ, ಹವಾನಿಯಂತ್ರಣ
- ಪೋಚಪಾವತಿ: ಸ್ವೀಕೃತಿ ಪತ್ರ
- ದಾಖಲಾ: ಪ್ರಮಾಣಪತ್ರ

ಈ ಎಂಟು ಸಾಲುಗಳನ್ನು ಬರೆದಿಟ್ಟುಕೊಂಡರೆ ಕಚೇರಿಯ ಕಿಟಕಿಯ ಮುಂದೆ ಏಜೆಂಟನ ಅವಲಂಬನೆ ಅರ್ಧಕ್ಕರ್ಧ ತಪ್ಪುತ್ತದೆ. ಅರ್ಜಿಯನ್ನು ಕಾರಣವಿಲ್ಲದೆ ತಡೆಹಿಡಿದರೆ ಸುಮ್ಮನೆ ಮರಳಬೇಡಿರಿ. ಸಂವಿಧಾನದ 350ನೆಯ ವಿಧಿಯಂತೆ, ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲಿಯೂ ಬರೆಯಬಹುದು. ಅರ್ಜಿಯ ನಮೂನೆ ಮರಾಠಿಯಲ್ಲಿದ್ದರೆ ಅದನ್ನು ಮರಾಠಿಯಲ್ಲೇ ತುಂಬಲು ಮಕ್ಕಳಿಗೆ ಕಲಿಸೋಣ. ಅನ್ಯಾಯವಾದಾಗ ಮಾತ್ರ ಭಾಷೆಯ ಅಳುಕಿನಿಂದ ಬಾಯಿ ಕಟ್ಟಿಕೊಳ್ಳುವುದು ಬೇಡ.

ರಜೆಯಲ್ಲಿ ಶಾಲೆಯ ಮಕ್ಕಳನ್ನು ಹೆಲ್ಪರ್ ಆಗಿ ಕಳಿಸುವ ಪಾಲಕರಿಗೆ ಕೊನೆಯದಾಗಿ ಒಂದು ಮಾತು. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. 18 ತುಂಬುವವರೆಗೆ ಅಪಾಯಕಾರಿ ಕೆಲಸಕ್ಕೂ ಅವಕಾಶವಿಲ್ಲ. ಹತ್ತನೆಯದು ಮುಗಿಯಲಿ, ಐ.ಟಿ.ಐ. ಆಗಲಿ, ಪರವಾನಗಿ ಅವನ ಹೆಸರಿನಲ್ಲಿಯೇ ಬರಲಿ. ಆಮೇಲೆ ಅವನು ಏಣಿ ಹತ್ತಲಿ.