ಡಿಜಿಟಲ್ ಸಂವಹನ ಮತ್ತು ಕಾನೂನು ಜೋಡಿ ಪದವಿ

ಜಾಲತಾಣ, ಮೊಬೈಲು, ದೃಶ್ಯಮಾಧ್ಯಮಗಳ ಸಂವಹನವನ್ನೂ ಕಾನೂನನ್ನೂ ಒಂದೇ ವ್ಯಾಸಂಗದಲ್ಲಿ ಕಲಿಸುವ ಪದವಿ. ಆಸ್ಟ್ರೇಲಿಯಾದಲ್ಲಿ ಇಂಥ ಜೋಡಿ ಪದವಿಗಳು ಮಾಮೂಲು, ಭಾರತದಲ್ಲಿ ವಿರಳ. ಇಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಐದು ವರ್ಷದ ಬಿ.ಎ., ಎಲ್ಎಲ್.ಬಿ.ಗೆ ಸೇರಿ ಸಂವಹನವನ್ನು ಅದರೊಳಗೋ ಅದರ ಪಕ್ಕದಲ್ಲೋ ಕಲಿಯುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಎರಡು ರೆಗ್ಯುಲರ್ ಪದವಿಗಳಿಗೆ ಒಟ್ಟಿಗೆ ಸೇರುವಂತಿಲ್ಲ. ಸಂಯೋಜಿತ ಪದವಿ, ದೂರಶಿಕ್ಷಣ, ಭಾಷೆ ಅಥವಾ ಕಂಪ್ಯೂಟರ್ ಕುರಿತ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸುಗಳಿಗೆ ಅಡ್ಡಿಯಿಲ್ಲ.

ಉದಾಹರಣೆಗೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಸಮಡೋಳಿಯ ವಿದ್ಯಾರ್ಥಿಗೆ ಲಾ ಕಾಲೇಜು ಸಾಂಗಲಿಯಲ್ಲೇ ಇದೆ. ಪ್ರವೇಶಕ್ಕೆ ಮಹಾರಾಷ್ಟ್ರದ ಸಿಇಟಿ ಬರೆಯಬೇಕು. ಕನ್ನಡದಲ್ಲಿ ಓದಿ ಬಂದವರಿಗೆ 2009ರಲ್ಲಿ ಶುರುವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಅನುಕೂಲ. ಅಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ನಡೆಯದು.

ಓದಬೇಕಾದ ಕಾನೂನುಗಳಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮೊದಲನೆಯದು. ಅದರ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿತು. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ಆದರೆ ಎರಡು ವಿದ್ಯೆಗಳೂ ನಿಜವಾಗಿ ಕೂಡುವ ಜಾಗ ಸಾಕ್ಷ್ಯ. ಮಹಾರಾಷ್ಟ್ರದ ಜಾಲನಾ ಕ್ಷೇತ್ರದ 2014ರ ವಿಧಾನಸಭಾ ಚುನಾವಣೆಯಲ್ಲಿ ಅರ್ಜುನ ಖೋತಕರರು ನಾಮಪತ್ರವನ್ನು ಗಡುವು ಮೀರಿ ಸಲ್ಲಿಸಿದರೆಂಬ ತಕರಾರೆದ್ದಿತು. ಚುನಾವಣಾ ಕಚೇರಿಯ ವಿಡಿಯೊವೇ ಆಧಾರ. ಅದನ್ನು ಸಾಕ್ಷ್ಯವಾಗಿ ಒಪ್ಪಲು ಬೇಕಾದ ಪ್ರಮಾಣಪತ್ರವನ್ನು ಎಷ್ಟು ಕೇಳಿದರೂ ಅಧಿಕಾರಿಗಳು ಕೊಡಲಿಲ್ಲ. ತಕರಾರೆತ್ತಿದ ಅರ್ಜಿದಾರ ತನ್ನ ಕೈಲಾದದ್ದನ್ನೆಲ್ಲ ಮಾಡಿದ್ದಾನೆಂದು ಸುಪ್ರೀಂ ಕೋರ್ಟು 2020ರಲ್ಲಿ ಆ ವಿಡಿಯೊ ಒಪ್ಪಿತು. ಉಳಿದಂತೆ, ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಈ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದಕ್ಕೆ ಸಾಧನ ಯಾರ ಸುಪರ್ದಿಯಲ್ಲಿದೆಯೋ ಅವರ ಸಹಿ, ಇನ್ನೊಂದಕ್ಕೆ ತಜ್ಞರದು. ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ವಾಟ್ಸಾಪಿನಲ್ಲಿ ಬಂದ ವಿಡಿಯೊದ ಗಾತ್ರ ಸಾಮಾನ್ಯವಾಗಿ ಕುಗ್ಗಿರುವುದರಿಂದ ಅದರ ಹ್ಯಾಶ್ ಮೂಲದ್ದಕ್ಕೆ ತಾಳೆಯಾಗದು. ಕಾನೂನನ್ನಷ್ಟೇ ಓದಿದವರು ಎಡವುವುದು ಇಲ್ಲೇ.

ಪದವಿಯ ನಂತರ ವಕೀಲಿ ಮಾಡುವವರು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಸಾಂಗಲಿ ಜಿಲ್ಲೆಯ ಹೈಕೋರ್ಟ್ ಮೊಕದ್ದಮೆಗಳಿಗೆ ಮೊದಲು ಮುಂಬಯಿಗೇ ಹೋಗಬೇಕಿತ್ತು. 2025ರ ಆಗಸ್ಟ್ 18ರಿಂದ ಅವು ಕೊಲ್ಹಾಪುರದ ಸಂಚಾರಿ ಪೀಠದಲ್ಲಿ ನಡೆಯುತ್ತಿವೆ.