ಫೋನಿಗೊಂದು ಅಗಳಿ

ಫೋನು ಮನೆಗೆ ಬಂದಾಗ ಬಾಗಿಲಿಲ್ಲದೆಯೇ ಬಂತು. ಯಾರು ಕರೆದರೂ ಗಂಟೆ ಬಾರಿಸಲೇಬೇಕು. ಆ ಬಾಗಿಲಿಗೆ ಅಗಳಿ ಹಾಕುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಕುತೂಹಲಕರವಾದ ಚರಿತ್ರೆಯೊಂದಿದೆ.

ಮೊದಲೇ ಧ್ವನಿಮುದ್ರಿಸಿದ ಮಾರಾಟದ ಮಾತನ್ನು ಸಾಲುಸಾಲಾಗಿ ಮನೆಗಳಿಗೆ ಕೇಳಿಸುವ ಯಂತ್ರಗಳ ಕಾಟ ಹೆಚ್ಚಿದಾಗ, 1991ರಲ್ಲಿ ಅಲ್ಲಿನ ಕಾಂಗ್ರೆಸ್ಸು ಅದಕ್ಕೆ ಕಡಿವಾಣ ಹಾಕುವ ಕಾಯ್ದೆ ತಂದಿತು. 2003ರಲ್ಲಿ, ಮಾರಾಟದ ಕರೆ ಬೇಡ ಎನ್ನುವವರು ನಂಬರು ಬರೆಸಿಡುವ ರಾಷ್ಟ್ರೀಯ ಪಟ್ಟಿ ತೆರೆಯಿತು. ಇದು ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಮಾರಾಟ ಕಂಪನಿಗಳು ಕೋರ್ಟಿಗೆ ಹೋದವು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅದಕ್ಕೆ ಆಧಾರವಾದದ್ದು ಅಂಚೆಗೆ ಸಂಬಂಧಿಸಿದ 1970ರ ಸುಪ್ರೀಂ ಕೋರ್ಟ್ ತೀರ್ಪು: ಮಾತಾಡುವ ಹಕ್ಕು ಎಷ್ಟೇ ದೊಡ್ಡದಿರಲಿ, ಬೇಡವೆಂದವರ ಮನೆಯ ಅಂಚೆಪೆಟ್ಟಿಗೆಯ ಬಳಿ ಅದು ನಿಲ್ಲಬೇಕು. ನಮ್ಮಲ್ಲೂ 2007ರಲ್ಲಿ ಇಂಥದೇ ಪಟ್ಟಿ ಬಂತು. 1909 ನಂಬರು ನಮಗೆ ಪರಿಚಯವಾದದ್ದು ಇದರಿಂದಲೇ.

ಆದರೆ ಪಟ್ಟಿಗೆ ಹೆದರುವವನು ಕಾನೂನಿಗೆ ಹೆದರುವವನು ಮಾತ್ರ. ಅಷ್ಟರಲ್ಲಿ ಮನೆಯ ಫೋನು ಡಿಜಿಟಲ್ ಆಗತೊಡಗಿತ್ತು. ಮಾತು ಇಂಟರ್‌ನೆಟ್ಟಿನಲ್ಲಿ ಹರಿಯತೊಡಗಿದ ಮೇಲೆ ಕರೆಯ ಖರ್ಚು ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ಕರೆಯುವವನು ತನ್ನದಲ್ಲದ ನಂಬರನ್ನು ತೋರಿಸುವುದೂ ಸುಲಭವಾಯಿತು. ಬಂದ ಕರೆಯನ್ನೆಲ್ಲ ತಲುಪಿಸುವುದೇ ತಮ್ಮ ಕರ್ತವ್ಯ, ತಡೆಯಲು ಕಾನೂನು ಬಿಡುವುದಿಲ್ಲ ಎಂಬುದು ಫೋನ್ ಕಂಪನಿಗಳ ಹಳೆಯ ನಿಲುವು.

2012ರಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಇದಕ್ಕೊಂದು ದಾರಿ ಹುಡುಕಿದವರಿಗೆ 50,000 ಡಾಲರ್ ಬಹುಮಾನ ಘೋಷಿಸಿತು. 2013ರಲ್ಲಿ ಅದನ್ನು ಹಂಚಿಕೊಂಡ ಇಬ್ಬರಲ್ಲಿ ಆರನ್ ಫಾಸ್ ಒಬ್ಬರು. ಅವರ 'ನೊಮೊರೊಬೊ' ಸರಳವಾಗಿತ್ತು. ಕರೆ ಏಕಕಾಲಕ್ಕೆ ಮನೆಯಲ್ಲೂ ಅವರ ಕಂಪ್ಯೂಟರಿನಲ್ಲೂ ರಿಂಗಾಗುತ್ತದೆ. ನಂಬರು ಕಪ್ಪುಪಟ್ಟಿಯಲ್ಲಿದ್ದರೆ ಕಂಪ್ಯೂಟರೇ ಎತ್ತಿ ಕತ್ತರಿಸುತ್ತದೆ. ಮನೆಯಲ್ಲಿ ಕೇಳುವುದು ಒಂದೇ ರಿಂಗು. ಗ್ರಾಹಕರು ಕೇಳಿದರೆ ಕರೆ ತಡೆಯುವ ಸೌಲಭ್ಯ ಕೊಡಬಹುದು ಎಂದು 2015ರಲ್ಲಿ ಸರ್ಕಾರವೂ ಕಂಪನಿಗಳಿಗೆ ಸ್ಪಷ್ಟಪಡಿಸಿತು. ಕರೆಯ ನಂಬರು ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ 2021ರ ಜೂನ್ ಅಂತ್ಯಕ್ಕೆ ದೊಡ್ಡ ಕಂಪನಿಗಳಿಗೆ ಕಡ್ಡಾಯವಾಯಿತು.

ಇಲ್ಲೊಂದು ತೊಡಕಿದೆ. ನೊಮೊರೊಬೊ ಕೆಲಸ ಮಾಡಿದ್ದು ಇಂಟರ್‌ನೆಟ್ ಮೂಲಕ ಬರುವ ಮನೆಫೋನುಗಳಲ್ಲಿ. ಹಳೆಯ ತಾಮ್ರದ ತಂತಿಯಲ್ಲಲ್ಲ. ಡಿಜಿಟಲ್ ಸಹಿಯೂ ಇಂಟರ್‌ನೆಟ್ ಜಾಲಕ್ಕೆಂದೇ ರೂಪಿಸಿದ್ದು. ಹಾಗೆಂದು ತಾಮ್ರದ ಫೋನನ್ನು ಉಳಿಸಿಕೊಂಡವರನ್ನು ಹಳೆಯದಕ್ಕೆ ಜೋತುಬಿದ್ದವರು ಎನ್ನುವಂತಿಲ್ಲ. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತದೆ. ಬಿರುಗಾಳಿಗೆ ಮನೆಯ ಕರೆಂಟು ಹೋದರೂ ಆ ಫೋನು ಮಾತಾಡುತ್ತದೆ. ಡಿಜಿಟಲ್ ಫೋನು ಬ್ಯಾಟರಿ ಇಲ್ಲದಿದ್ದರೆ ಕರೆಂಟಿನ ಜೊತೆಗೇ ಸಾಯುತ್ತದೆ.

ಹೀಗೆ, ಕಾಟವನ್ನು ಅಗ್ಗ ಮಾಡಿದ ತಂತ್ರಜ್ಞಾನವೇ ಅದಕ್ಕೆ ಅಗಳಿಯನ್ನೂ ತಂದಿತು. ಆದರೆ ಕಾಟ ಬಂದದ್ದು ಎಲ್ಲರ ಮನೆಗೆ, ಅಗಳಿ ಸಿಕ್ಕಿದ್ದು ಹೊಸ ಸಂಪರ್ಕ ಪಡೆದವರಿಗೆ. ಕತ್ತಲಲ್ಲೂ ನೆರವು ಕೂಗಬಲ್ಲ ಫೋನು ಬೇಕೆಂದ ಮುದುಕಿ, ಉಳಿದ ದಿನವೆಲ್ಲ ಯಾರ್‍ಯಾರದೋ ಕರೆಗೆ ಎದ್ದು ಬರಬೇಕಾಯಿತು.